ಉಡಿಗೆ ಹಾಕಲಾಗದ ಸಾಲ

ತಿಂಗಳ ಮೊದಲ ವಾರ ನನ್ನ ಫೋನಿಗೆ ಬರುವ ಕರೆಗಳ ಧಾಟಿ ನನಗೀಗ ಬಾಯಿಪಾಠವಾಗಿದೆ. ಮೊದಲು ನನ್ನ ಆರೋಗ್ಯ, ಆಮೇಲೆ ಹೆಂಡತಿಯ ಮೊಣಕಾಲು ನೋವು, ಆಮೇಲೆ ಈ ಸಲದ ಮಳೆ. ಮಳೆಯ ಮಾತು ಮುಗಿದು ಆಚೆಯವರು ಒಂದು ಗಳಿಗೆ ಸುಮ್ಮನಾದರೆಂದರೆ ಮುಂದಿನದು ದುಡ್ಡು. ಕುರಿ ಕಾಯುತ್ತಿದ್ದ ಮನೆತನದಲ್ಲಿ ಮೊದಲು ಸಂಬಳ ತಂದವನು ನಾನು. ಬೆಳಗಾವಿಯ ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ, ಹಿಂದವಾಡಿಯಲ್ಲಿ ಎರಡು ಕೋಣೆಯ ಮನೆ. ಇಷ್ಟಕ್ಕೇ ಬಳಗದವರ ಕಣ್ಣಲ್ಲಿ ನಾನು ಸಾಹುಕಾರ.

ನೆಂಟರಿಗೆ, ಗೆಳೆಯರಿಗೆ ಸಾಲ ಕೊಡಬೇಕೋ ಬಾರದೋ ಎಂದು ನನ್ನನ್ನು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಕೊಟ್ಟೂ ದಣಿದಿದ್ದೇನೆ, ಇಲ್ಲವೆಂದೂ ದಣಿದಿದ್ದೇನೆ. ಒಬ್ಬ ಗೆಳೆಯ ಸ್ಕೂಟರಿಗೆಂದು ಇಸಿದುಕೊಂಡ. ಈಗ ಅದೇ ಸ್ಕೂಟರಿನ ಮೇಲೆ ಬರುವಾಗ ನನ್ನನ್ನು ಕಂಡರೆ ಬೇರೆ ಓಣಿಗೆ ತಿರುಗುತ್ತಾನೆ. ನಿಮ್ಮ ದುಡ್ಡಿನ ಗಾಡಿಯಲ್ಲೇ ನಿಮ್ಮಿಂದ ಓಡುತ್ತಾನಲ್ಲ ಎಂದು ಹೆಂಡತಿ ನಗುತ್ತಾಳೆ, ನಾನೂ ನಗುತ್ತೇನೆ. ಅಂಥ ದುಡ್ಡು ಹೋದರೆ ಹೋಗಲಿ. ಹೋಗಲಿ ಅನ್ನಲಾಗದ್ದು ಒಂದೇ ಇತ್ತು, ಅಕ್ಕನ ಮನೆಗೆ ಕೊಟ್ಟದ್ದು.

ಅಕ್ಕನನ್ನು ಖಾನಾಪುರಕ್ಕೆ ಕೊಟ್ಟಿದೆ. ಭಾವ ಟೆಂಪೋ ಓಡಿಸುತ್ತಾರೆ. ಅಕ್ಕ ಎಮ್ಮೆ ಕಟ್ಟಿಕೊಂಡು, ಹಾಲು ಕಾಸಿ ಖವಾ ಮಾಡಿ ಬೆಳಗಾವಿಯ ಮಿಠಾಯಿ ಅಂಗಡಿಗಳಿಗೆ ತಂದು ಹಾಕುತ್ತಾಳೆ. ಅಪ್ಪ ಅವ್ವ ಹೋದಮೇಲೆ ಅವಳಿಗೆ ತವರು ಅಂದರೆ ನನ್ನ ಈ ಎರಡು ಕೋಣೆಯೇ. ಖವಾ ಕೊಟ್ಟು ಖಾಲಿಯಾದ ಡಬ್ಬಿಗಳನ್ನು ಬಾಗಿಲಲ್ಲಿ ದಡಲ್ ಎಂದು ಇಟ್ಟು ಒಳಗೆ ಬಂದರೆ ಮೊದಲು ಫ್ರಿಜ್ ತೆಗೆದು ನೋಡುವಳು. ಹಳೇ ಸಾರು ಕಂಡರೆ ನನ್ನ ಹೆಂಡತಿಗೆ ಒಂದು ಮಾತು, ನನ್ನ ಹೊಟ್ಟೆ ಕಂಡರೆ ನನಗೆ ಹತ್ತು ಮಾತು. ಸಣ್ಣ ಸಿಟ್ಟಿದ್ದರೆ ಮರಾಠಿಯಲ್ಲಿ ಬೈಯುತ್ತಿದ್ದಳು, ದೊಡ್ಡ ಸಿಟ್ಟಿದ್ದರೆ ಕನ್ನಡದಲ್ಲಿ. ತಲೆಯ ಕೂದಲು ಉದುರಿದ್ದಕ್ಕೂ ಬೈಸಿಕೊಂಡವನು ನಾನು. ಆ ಬೈಗುಳಕ್ಕೆ ನಾನು ಬೇಸರಪಟ್ಟುಕೊಂಡದ್ದೂ ಉಂಟು, ಈಗ ನೆನೆದರೆ ನಗು ಬರುತ್ತದೆ.

ಕೆಲವು ವರ್ಷಗಳ ಹಿಂದೆ ಭಾವ ಒಬ್ಬರೇ ನಮ್ಮ ಮನೆಗೆ ಬಂದರು. ಸೋಫಾದ ತುದಿಯಲ್ಲಿ ಕುಳಿತು ಚಹಾವನ್ನು ಬಹಳ ಹೊತ್ತು ಕುಡಿದರು. ಟೆಂಪೋದ ಇಂಜಿನ್ ಪೂರ್ತಿ ಕೂತುಬಿಟ್ಟಿತ್ತು. ಆಟೋ ನಗರದ ಗ್ಯಾರೇಜಿನವನು ಹೇಳಿದ ಮೊತ್ತ ದೊಡ್ಡದಿತ್ತು, ನನ್ನ ಹಲವು ತಿಂಗಳ ಸಂಬಳದಷ್ಟು. ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

"ಕೊಡೂದಾದ್ರ ಹಂಗ ಕೊಟ್ಟಬಿಡ್ರಿ. ಕೊಡೂದು ಆಗಂಗಿಲ್ಲಂದ್ರ ಇಲ್ಲ ಅನ್ರಿ. ಸಾಲ ಅಂತ ಮಾತ್ರ ಕೊಡಬ್ಯಾಡ್ರಿ" ಎಂದಳು.

ನಾನು ಹೊರಗೆ ಬಂದು, ತಿರುಗಿ ಕೊಡುವ ಚಿಂತೆ ಬೇಡ ಎಂದು ಅರ್ಧಂಬರ್ಧ ಹೇಳಿದೆ. ಭಾವನ ಮುಖ ಕೆಂಪಾಯಿತು. "ಹಂಗ ಬ್ಯಾಡ್ರಿ. ಸಾಲ ಅಂತನ ಕೊಡ್ರಿ. ಬ್ಯಾಸಗ್ಯಾಗ ಲಗ್ನದ ಭಾಡೆ ಬಂದವಂದ್ರ ತಿರಗಿ ಕೊಡ್ತೀನಿ, ಖರೇ ಹೇಳ್ತೀನಿ" ಎಂದರು. ಅವರ ಮರ್ಯಾದೆ ಉಳಿಯಲಿ ಎಂದು ಸಾಲವೆಂದೇ ಕೊಟ್ಟೆ.

ಬೇಸಿಗೆ ಬಂತು, ಲಗ್ನಗಳೂ ಆದವು, ದುಡ್ಡು ಬರಲಿಲ್ಲ. ನಾನು ಕೇಳಲಿಲ್ಲ. ಕೇಳದಿರುವುದೇ ದೊಡ್ಡತನ ಎಂದುಕೊಂಡಿದ್ದೆ. ನಾಗಪಂಚಮಿಗೆ ಅಕ್ಕನನ್ನು ತವರಿಗೆ ಕರೆತರಲು ಹೋದಾಗ ಅವಳು ಹೋಳಿಗೆಯ ಮೇಲೆ ತುಪ್ಪ ಸುರಿದು ಬಡಿಸಿದಳು. ಬೇಡವೆಂದರೂ ಇನ್ನೊಂದು ಹಾಕಿದಳು. ಹೊಟ್ಟೆಯ ಬಗ್ಗೆ ಒಂದು ಮಾತಿಲ್ಲ. ನಮ್ಮ ಮನೆಗೆ ಬಂದಮೇಲೆ ಫ್ರಿಜ್ ಹತ್ತಿರ ಹೋಗಲಿಲ್ಲ, ಕುಡಿಯುವ ನೀರನ್ನೂ ನನ್ನ ಹೆಂಡತಿಯನ್ನು ಕೇಳಿಯೇ ತೆಗೆದುಕೊಂಡಳು. ಅವಳು ಅಷ್ಟು ಸೌಮ್ಯಳಾಗಿದ್ದು ನೋಡಿ ನನಗೆ ಹೆದರಿಕೆಯಾಯಿತು.

ಮರುವರ್ಷ ಪಂಚಮಿಗೆ ಎಮ್ಮೆ ಈಯುವುದಿದೆ ಎಂದಳು. ಅದರ ಮರುವರ್ಷ ಕಾಲುನೋವು ಎಂದಳು. ಸಂಜೆ ಡಬ್ಬಿ ತಂದಿಡುವುದೂ ನಿಂತಿತ್ತು. ಖವಾ ವ್ಯಾಪಾರ ಬಿಟ್ಟಿರಬಹುದು ಎಂದು ನಾನು ನನಗೇ ಹೇಳಿಕೊಂಡೆ.

ಬಿಟ್ಟಿರಲಿಲ್ಲ. ಒಂದು ದಿನ ಮಾರ್ಕೆಟ್ಟಿನಲ್ಲಿ ಆಚೆ ಬದಿಯಿಂದ ಅವಳು ಬರುವುದು ಕಂಡಿತು. ಎರಡೂ ಕೈಯಲ್ಲಿ ಅವೇ ಡಬ್ಬಿಗಳು. ಅಂದರೆ ಇಷ್ಟು ದಿನವೂ ಬೆಳಗಾವಿಗೆ ಬಂದು, ನನ್ನ ಮನೆಗೆ ಬಾರದೆ, ಹಾಗೆಯೇ ಬಸ್ಸು ಹತ್ತಿ ಹೋಗುತ್ತಿದ್ದಳು. ನಾನು ಕರೆಯಬೇಕಿತ್ತು. ಆದರೆ ನನ್ನನ್ನು ಕಂಡೊಡನೆ ಅವಳ ಮುಖ ಹೇಗಾಗಬಹುದು ಎಂದು ನೆನೆದು ಪಕ್ಕದ ಪಾತ್ರೆ ಅಂಗಡಿಯೊಳಗೆ ಹೊಕ್ಕುಬಿಟ್ಟೆ. ಸಾಲ ಕೊಟ್ಟೂ ಕಳ್ಳನ ಹಾಗೆ ಅಡಗಿದವನು ನಾನೊಬ್ಬನೇ ಇರಬೇಕು. ಅಂಗಡಿಯವನು "ಏನ್ ಬೇಕ್ರಿ?" ಎಂದ. ಎದುರಿಗೆ ಸ್ಟೀಲಿನ ಜರಡಿಗಳು ತೂಗುತ್ತಿದ್ದವು. ಒಂದನ್ನು ಕೊಂಡು, ಅವಳು ದಾಟಿ ಹೋದಮೇಲೆ ಹೊರಗೆ ಬಂದೆ. ಮನೆಯಲ್ಲಿ ಹೆಂಡತಿ ಜರಡಿಯನ್ನೂ ನನ್ನನ್ನೂ ನೋಡಿದಳು. ನಾನು ಅದನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದೆ.

ಆಮೇಲೆ ನನಗೆ ಒಂದು ಯೋಚನೆ ಹೊಳೆಯಿತು. ನಮ್ಮಲ್ಲಿ ತವರಿಗೆ ಬಂದ ಮಗಳು ಹೊರಡುವಾಗ ಉಡಿ ತುಂಬುತ್ತಾರೆ. ಅವಳು ಸೆರಗೊಡ್ಡಿ ನಿಲ್ಲುತ್ತಾಳೆ, ಅದರಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಬೇರು, ಒಂದು ರವಿಕೆಯ ಖಣ ಹಾಕುತ್ತಾರೆ. ಅವಳು ಅದರಲ್ಲಿ ಒಂದು ಚಿಟಿಕೆ ಅಕ್ಕಿ ತೆಗೆದು ಕೊಟ್ಟವರಿಗೇ ತಿರುಗಿ ಹಾಕುತ್ತಾಳೆ. ಅಷ್ಟೇ ತಿರುಗಿ ಕೊಡುವುದು. ಉಳಿದದ್ದನ್ನು ಯಾರೂ ಕೇಳುವ ಹಾಗಿಲ್ಲ. ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವುದು ನನ್ನ ದಿನದ ಕೆಲಸ. ಆ ಸಾಲವನ್ನು ಉಡಿಯ ಖಾತೆಗೆ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಈ ವರ್ಷದ ಪಂಚಮಿಗೆ ಅವಳು ಬರುವುದಿಲ್ಲ ಎಂದಾಗ ನಾವೇ ಖಾನಾಪುರಕ್ಕೆ ಹೋದೆವು. ಹೆಂಡತಿ ಶೇಂಗಾ ಉಂಡಿ ಕಟ್ಟಿದ್ದಳು, ಉಡಿಯ ಸಾಮಾನೆಲ್ಲ ಚೀಲದಲ್ಲಿತ್ತು. ಭಾವ ಟೆಂಪೋ ತೊಳೆಯುವ ನೆಪದಲ್ಲಿ ಅಂಗಳದಲ್ಲೇ ಉಳಿದರು. ಮಳೆ ಬರುತ್ತಿತ್ತು, ಮಳೆಯಲ್ಲಿ ಯಾರು ಗಾಡಿ ತೊಳೆಯುತ್ತಾರೆ? ಊಟವಾದಮೇಲೆ ಹೆಂಡತಿ ಅಕ್ಕನಿಗೆ ಉಡಿ ತುಂಬಿದಳು. ಅಕ್ಕ ಸೆರಗು ಹಿಡಿದು ನಿಂತಿದ್ದಳು, ಕಣ್ಣು ಒದ್ದೆಯಾಗಿತ್ತು. ಇದೇ ಹೊತ್ತು ಎಂದು ನಾನು ಬಾಯಿ ತೆರೆದೆ.

"ಅಕ್ಕಾ, ಆ ಗಾಡಿ ರೊಕ್ಕಾನೂ ಇದರಾಗನ ಬಂತು ಅಂತ ತಿಳ್ಕೊ. ಇನ್ನ ಅದರ ಮಾತು ಬ್ಯಾಡ."

ಚಿಟಿಕೆ ಅಕ್ಕಿ ತೆಗೆಯಲು ಹೋದ ಅವಳ ಕೈ ನಿಂತಿತು. ಮರಾಠಿಯನ್ನು ಮುಟ್ಟದೆ ನೇರ ಕನ್ನಡದಲ್ಲೇ ಶುರು ಮಾಡಿದಳು.

"ನನ್ನ ಉಡಿಯಾಗ ನನ್ನ ಗಂಡನ ಸಾಲ ಹಾಕ್ತಿಯೇನಲೇ? ತವರಮನಿಂದ ನನಗಂತ ಬರೂದು ಇದೊಂದ. ಇದನ್ನೂ ಗಾಡಿ ಲೆಕ್ಕಕ್ಕ ಹಚ್ಚತಿ? ಅಕ್ಕಿ ಕಾಳಿನ ಜೋಡಿ ಇಂಜಿನ್ನೂ ಹೊತಗೊಂಡು ತಿರಗಲೇನು ನಾ?"

"ನೀ ಬರೂದ ಬಿಟ್ಟೀದಿ, ಅದಕ್ಕ..."

"ಬರೂದು ಹೆಂಗಲೇ? ನೀ ಒಂದ್ ದಿನಾನೂ ಕೇಳಲಿಲ್ಲ. ಇಸ್ಕೊಂಡಾವಗ ಕೇಳಿದ್ರ ಅಂವಾ ಹೊಲಸೋ ಚಲೋನೋ ಒಂದು ಉತ್ತರಾ ಕೊಡ್ತಿದ್ದ. ನೀ ದೊಡ್ಡ ಮನಿಷ್ಯಾ ಆಗಿ ಸುಮ್ಮ ಕುಂತಿ. ಈಗ ಬಿಟ್ಟಕೊಟ್ಟು ಇನ್ನೂ ದೊಡ್ಡಾಂವ ಆಗ್ತಿ. ಆಮ್ಯಾಲ ನಾ ಯಾವ ಬಾಯಿಲೆ ನಿನ್ನ ಬೈಲಿ?"

ನನ್ನ ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಳು. ಅಂಗಳದಲ್ಲಿ ಗಾಡಿ ತೊಳೆಯುವ ಸಪ್ಪಳವೂ ನಿಂತಿತ್ತು, ಭಾವನಿಗೂ ಎಲ್ಲ ಕೇಳಿಸಿರಬೇಕು. ನನಗೆ ನಾಚಿಕೆಯಾಗಿತ್ತು. ಆದರೆ ಅದರ ಅಡಿಯಲ್ಲಿ, ಎಷ್ಟೋ ದಿನದ ಮೇಲೆ ಬೈಸಿಕೊಂಡ ಸಮಾಧಾನವೂ ಇತ್ತು. ಅಕ್ಕ ಚಿಟಿಕೆ ಅಕ್ಕಿಯನ್ನು ಹೆಂಡತಿಯ ಸೆರಗಿಗೆ ಹಾಕಿ, ನನ್ನ ಕಡೆ ನೋಡದೆ ಹೇಳಿದಳು. "ಕೇಳು. ತಿಂಗಳಾ ತಿಂಗಳಾ ಫೋನ್ ಮಾಡಿ ಅಂವಗ ರೊಕ್ಕಾ ಕೇಳು. ನನ್ನ ಮುಂದ ಅಲ್ಲ, ಅಂವಗ."

ಈಗ ಒಂದನೇ ತಾರೀಖು ಬಂದರೆ ನಾನೂ ಎಲ್ಲರ ಹಾಗೆ ಭಾವನ ಆರೋಗ್ಯ ಕೇಳುತ್ತೇನೆ, ಎಮ್ಮೆಗಳ ಸುದ್ದಿ ಕೇಳುತ್ತೇನೆ, ಮಳೆಯ ಸುದ್ದಿ ಕೇಳುತ್ತೇನೆ. ಆಮೇಲೆ ಒಂದು ಗಳಿಗೆ ಸುಮ್ಮನಾಗುತ್ತೇನೆ. ಕೊಟ್ಟಾಗ ಇಷ್ಟು ಕಷ್ಟವಾಗಿರಲಿಲ್ಲ. ಭಾವ ಸ್ವಲ್ಪ ಕಳಿಸುತ್ತಾರೆ, ಒಮ್ಮೊಮ್ಮೆ ಇಲ್ಲ ಎನ್ನುತ್ತಾರೆ. ಹೀಗೇ ನಡೆದರೆ ತೀರುವಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ. ಹೋದ ತಿಂಗಳು ಇಲ್ಲ ಎಂದಾಗ ನಾನು ದಣಿದು "ಇರಲಿ ಬಿಡ್ರಿ" ಎಂದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು, "ಬಿಡಬ್ಯಾಡಂತ ಹೇಳ್ರಿ ಅಂವಗ!"

ಮೊನ್ನೆ ಸಂಜೆ ಬಾಗಿಲಲ್ಲಿ ಡಬ್ಬಿಗಳು ದಡಲ್ ಎಂದವು. ಅಕ್ಕ ಒಳಗೆ ಬಂದು ಫ್ರಿಜ್ ತೆಗೆದಳು, ಮುಚ್ಚಿದಳು. ಆಮೇಲೆ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಹೊಸ ಜರಡಿ ಅವಳ ಕಣ್ಣಿಗೆ ಬಿತ್ತು. ಅದನ್ನು ಇಳಿಸಿ ತಿರುಗಿಸಿ ನೋಡಿದಳು.

"ಮನ್ಯಾಗ ಎರಡು ಜರಡಿ ಇದ್ದೂ ಇದ್ಯಾಕ ತಂದಿ? ರೊಕ್ಕ ಹೆಚ್ಚಾಗ್ಯಾವೇನಲೇ ನಿನಗ?"

ಅದನ್ನು ಯಾಕೆ ತಂದೆನೆಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. "ಇಲ್ಲವ್ವಾ, ಎಲ್ಲಿ ಹೆಚ್ಚಾಗ್ತಾವ" ಎಂದೆ.

"ಹಂಗಾದ್ರ ಒಂದನೇ ತಾರೀಖ ಅಂವಗ ಕೇಳೂದು ಮರೀಬ್ಯಾಡ" ಎಂದು ಅಕ್ಕ ತಾನೇ ನೀರು ತೆಗೆದುಕೊಂಡು ಕುಡಿದಳು.