ಹಂಗಾಮಿ ಅಧ್ಯಕ್ಷರು ಕುರ್ಚಿ ಬಿಟ್ಟ ದಿನ

ಇವತ್ತು ಬೆಳಿಗ್ಗೆ ಜಪಾನಿನ ನಿಶಿ ಕಸಾಯಿಯ ನಮ್ಮ ಹೋಟೆಲಿನಲ್ಲಿ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಾಗ ಟೀವಿಯಲ್ಲಿ ಸುದ್ದಿ ಬಂತು: ಯಾವುದೋ ದೇಶದಲ್ಲಿ ವಿರೋಧ ಪಕ್ಷದ ನಾಯಕನೇ ಹಂಗಾಮಿ ಸರ್ಕಾರದ ಮುಖ್ಯಸ್ಥನಾಗಿದ್ದಾನಂತೆ. ಜೀವಮಾನವೆಲ್ಲ ಎಲ್ಲದಕ್ಕೂ ಬೇಡ ಬೇಡ ಎಂದವನಿಗೆ ಒಮ್ಮೆಲೇ ಕುರ್ಚಿ ಸಿಕ್ಕರೆ ಮುಖದಲ್ಲೊಂದು ನಗು ಬರುತ್ತದೆ, ನೀವೂ ನೋಡಿರುತ್ತೀರಿ. ಅರ್ಧ ಸಂಕೋಚ, ಅರ್ಧ ಸಂತೋಷ. ಆ ನಗು ನೋಡಿ ನನಗೆ ಸೋಮಶೇಖರ್ ನೆನಪಾದರು. ಸಾಸಿವೆ ಸೀದುಹೋಯಿತು.

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಹಾಗಂತ ನನ್ನ ದೋಸೆಗೆ ಸರ್ಟಿಫಿಕೇಟ್ ಕೇಳಿದವರು ಈ ಊರಿನಲ್ಲಿ ಯಾರೂ ಇಲ್ಲ. ಇಲ್ಲಿನ ಕನ್ನಡದವರ ಸಂಘಕ್ಕೆ ಪ್ರತಿ ಯುಗಾದಿಯ ಅಡುಗೆ ನನ್ನದೇ. ಆದರೆ ಸದಸ್ಯನಾಗು ಎಂದು ಯಾರೂ ಕರೆದಿರಲಿಲ್ಲ. ನಾನೂ ಕೇಳಲಿಲ್ಲ, ಬಿಗುಮಾನ. ಶಿನಾಗಾವಾದ ಆಫೀಸೊಂದರಲ್ಲಿದ್ದ ಸೋಮಶೇಖರ್ ಆ ಸಂಘದ ವಿರೋಧ ಪಕ್ಷ. ಎಲ್ಲದಕ್ಕೂ ತಕರಾರು: ಮೈಕು ಸರಿಯಿಲ್ಲ, ಸ್ವಾಗತ ಭಾಷಣ ಉದ್ದವಾಯಿತು. ಒಮ್ಮೆ ನನ್ನ ಪಾಯಸದಲ್ಲಿ ಗೋಡಂಬಿಯೇ ಕಾಣುತ್ತಿಲ್ಲ ಎಂದರು. ಎರಡು ತಿಂಗಳು ಮಾತು ಬಿಟ್ಟಿದ್ದೆ. ಗೋಡಂಬಿ ಕಡಿಮೆಯಿದ್ದದ್ದು ನಿಜ.

ಭೂಕಂಪವಾದ ವರ್ಷ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದರು. ತಪ್ಪಲ್ಲ ಬಿಡಿ; ನೆಲವೇ ನಿಲ್ಲದಿದ್ದಾಗ ಮನುಷ್ಯ ಹೇಗೆ ನಿಂತಾನು? ಉಳಿದವರು ನಮ್ಮ ಹೋಟೆಲಿನಲ್ಲೇ ಸೇರಿ, ಚುನಾವಣೆಯಾಗುವವರೆಗೆ, ಮೂರೇ ತಿಂಗಳು ಎಂದು ಸೋಮಶೇಖರರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಮಾಡಿದರು. ಸಭೆ ಮುಗಿದೊಡನೆ ಅವರು ಅಡುಗೆಮನೆಗೆ ಬಂದರು.

“ಅಣ್ಣಾ, ನೀವು ಮೆಂಬರ್ ಆಗ್ಬೇಕು. ನನ್ನ ವಿರೋಧ ಮಾಡೋರು ಯಾರೂ ಉಳಿದಿಲ್ಲ.”

“ನಂಗೆ ಮೀಟಿಂಗು ಗೀಟಿಂಗು ಬರಲ್ಲ ಸಾರ್.”

“ಗಿರಾಕಿ ಹತ್ರ ಜಗಳ ಆಡೋಕೆ ಬರತ್ತಲ್ಲ? ಅಷ್ಟು ಸಾಕು.”

ಅರ್ಜಿಯನ್ನು ಅವರೇ ತುಂಬಿದರು. ‘ವಿದ್ಯಾಭ್ಯಾಸ’ ಎಂಬಲ್ಲಿ ನಾನು ತಡವರಿಸಿದಾಗ ಆ ಸಾಲನ್ನೇ ಗೀಟೆಳೆದು ಹೊಡೆದುಹಾಕಿದರು.

ಅವರು ದುಡಿದದ್ದು ಸುಳ್ಳಲ್ಲ. ನೀರಿನ ಬಾಟಲಿ ಸಿಗದ ದಿನಗಳಲ್ಲಿ ಹಗಲುರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗಳನ್ನೆಲ್ಲ ಸುತ್ತಿ, ಪಕ್ಕದ ಫುನಾಬೊರಿಯಲ್ಲಿ ಕೂಸುಗಳಿದ್ದ ಮನೆಗಳಿಗೆ ಹೊತ್ತು ಮುಟ್ಟಿಸಿದರು. ಆದರೆ ಮೂರು ತಿಂಗಳು ಹೋಗಿ ಆರಾಯಿತು, ಊರಿಗೆ ಹೋದವರೂ ಮರಳಿದರು. ಚುನಾವಣೆಯ ಸುದ್ದಿಯೇ ಇಲ್ಲ. ನೋಟೀಸಿನಿಂದ ‘ಹಂಗಾಮಿ’ ಎಂಬ ಮಾತು ಸದ್ದಿಲ್ಲದೆ ಬಿದ್ದುಹೋಯಿತು. “ನೀವೇ ಇದ್ಬಿಡಿ ಸಾರ್” ಎನ್ನುವವರು ಹೆಚ್ಚಿದರು.

ಹೇಳಬೇಕಾದವನು ನಾನು. ಆದರೆ ನನ್ನನ್ನು ನಾಲ್ಕು ಜನರ ನಡುವೆ ಕೂರಿಸಿದವರೂ ಅವರೇ. ಹೇಳಿದರೆ ಅವರನ್ನು ಕಳೆದುಕೊಳ್ಳುತ್ತೇನೆ. ಹೇಳದಿದ್ದರೆ ಅಲ್ಲಿ ನಾನು ಕೂತು ಏನು ಬಂತು? ಮುಂದಿನ ಸಭೆಯಲ್ಲಿ ಎದ್ದು ನಿಂತೆ.

“ಮೂರು ತಿಂಗ್ಳು ಅಂದಿದ್ರಿ ಸಾರ್. ಎಲೆಕ್ಷನ್ ಯಾವಾಗ?”

“ಅಡುಗೆಯವ್ರಿಗೆ ಯಾಕ್ರೀ ಈ ಉಸಾಬರಿ?” ಎಂದು ಮುಂದಿನ ಸಾಲಿನಿಂದ ಒಬ್ಬರು ನಕ್ಕರು.

ಸೋಮಶೇಖರರ ಮುಖ ಕೆಂಪಾಯಿತು. ಆಮೇಲೆ ನಕ್ಕವರ ಕಡೆ ತಿರುಗಿ, “ಅವರೂ ಮೆಂಬರ್ ರೀ, ಸರಿಯಾಗಿ ಮಾತಾಡಿ. ಬರೋ ಭಾನುವಾರ ಎಲೆಕ್ಷನ್. ನಾನು ನಿಲ್ಲಲ್ಲ” ಎಂದರು.

ಹೊರಗೆ ಮೆಟ್ಟಿಲ ಬಳಿ ನನ್ನ ಹೆಗಲ ಮೇಲೆ ಕೈಯಿಟ್ಟರು. “ಎದೆ ಹಗುರಾಯ್ತು ಅಣ್ಣಾ. ಬಿಡ್ಬೇಕು ಅಂತ ಗೊತ್ತಿತ್ತು, ಏಳೋಕೇ ಆಗ್ತಿರ್ಲಿಲ್ಲ. ಇಷ್ಟು ದಿನ ಯಾಕ್ರೀ ಸುಮ್ನಿದ್ರಿ?” ಬೈಗುಳವೂ ನನಗೇ! ಆದರೆ ಆ ಸಂಜೆ ನಾನು ಹಸಿದು ಎರಡು ತಟ್ಟೆ ಅನ್ನ ಉಂಡೆ.

ಇವತ್ತು ಇದನ್ನೆಲ್ಲ ನೆನೆಯುತ್ತಿದ್ದಾಗ ಹೊಳೆಯಿತು: ಈ ಅಡುಗೆಮನೆಯಲ್ಲಿ ವರ್ಷಗಟ್ಟಲೆಯಿಂದ ನಾನು ಹೇಳಿದ್ದೇ ಮಾತು. ಜೊತೆಯಲ್ಲಿ ದುಡಿಯುವ ತಿಮ್ಮಪ್ಪ ಎಲ್ಲಕ್ಕೂ ಚೆನ್ನಾಗಿದೆ ಅನ್ನುತ್ತಾನೆ. ಪಲ್ಯದ ಬಟ್ಟಲು ಅವನ ಮುಂದಿಟ್ಟು, “ನಿಜ ಹೇಳು ತಿಮ್ಮಪ್ಪ” ಎಂದೆ.

ಒಮ್ಮೆ ಬಾಗಿಲ ಕಡೆ ನೋಡಿ, “ಕಾಯಿ ಸ್ವಲ್ಪ ಜಾಸ್ತಿ ಅಣ್ಣಾ... ಮೂರು ವರ್ಷದಿಂದ” ಎಂದ.

ಸಿಟ್ಟು ಬಂತು. ಇನ್ನೊಂದು ತುತ್ತು ತಿಂದು ನೋಡಿದೆ. ಹೌದು, ಜಾಸ್ತಿಯೇ.