ತೊಳೆದುಹೋದ ಬಾದಾಮಿ ಹೂ

ಒಂದು ಶಾಲಿನ ಮೈತುಂಬ ಸೂಜಿಯಲ್ಲಿ ಹೂ ತುಂಬಲು ಮೂರು ವರ್ಷ ಹಿಡಿಯುತ್ತದೆ. ಸನ್ಮಾನಕ್ಕೆ ಹೊದಿಸಿದ ಶಾಲನ್ನು ಮನೆಗೆ ತಂದು ಬೀರುವಿಗೆ ತುರುಕುವ ನಮಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ಶ್ರೀನಗರದ ಬೇಮಿನಾದಲ್ಲಿ ಅಖ್ತರ್ ಹುಸೇನ್ ನಲವತ್ತು ವರ್ಷ ಕಿಟಕಿಯ ಪಕ್ಕ ಕೂತು ಕಂಡವರ ಶಾಲುಗಳಿಗೆ ಹೂ ಹೊಲಿದ. ಬಾದಾಮಿ ಹೂ, ಚಿನಾರ್ ಎಲೆ, ಗೋರಿಗಳ ಮೇಲೆ ಅರಳುವ ನೀಲಿ ಹೂ. ಅವನ ಮನೆಯ ಹೆಂಗಸರ ಹೆಗಲಿಗೆ ಮಾತ್ರ ಒಂದೂ ಬರಲಿಲ್ಲ. ಹೆಂಡತಿ ಬರೀ ಉಣ್ಣೆಯ ನಿಲುವಂಗಿಯಾದ ಫೆರನ್‌ನಲ್ಲೇ ಬಾಳಿ ತೀರಿಕೊಂಡಳು. ಕಣ್ಣಿಗೆ ಮಂಜು ಕವಿಯತೊಡಗಿದಾಗ ಅವನು ಮಗಳು ತಾಹಿರಾಳ ಮದುವೆಗೆಂದು ಒಂದು ಬಿಳಿ ಪಶ್ಮೀನಾ ಶಾಲು ತಂದ. ಗೆಳೆಯ ಸಮದ್ ಕಾಕ ತಾನೇ ಕೆತ್ತಿದ ಅಕ್ರೋಟು ಮರದ ಅಚ್ಚಿನಿಂದ ಅದರ ಮೇಲೆ, ಸೂಜಿಗೆ ದಾರಿಯಾಗಲೆಂದು, ಬಾದಾಮಿ ಹೂಗಳ ಕಪ್ಪು ಗೆರೆ ಮೂಡಿಸಿಕೊಟ್ಟ.

ಅರ್ಧ ಮುಗಿದಿತ್ತು, ನೆರೆ ಬಂತು. ನೀರಿಳಿದ ಮೇಲೆ ನೋಡಿದರೆ ಶಾಲಿನ ಒಂದು ಅಂಚಿಗೆ ಮಾತ್ರ ಕೆಸರು. ಕೆಸರು ಕಂಡ ತಾಹಿರಾಳ ಕೈ ಬುದ್ಧಿಯನ್ನು ಕೇಳಲಿಲ್ಲ. ಅಂಟುವಾಳದ ನೊರೆಯಲ್ಲಿ ಇಡೀ ಶಾಲು ಅದ್ದಿ ತೊಳೆದು, ನೆರಳಲ್ಲಿ ಒಣಗಿಸಿ, ಅಪ್ಪನ ತೊಡೆಯ ಮೇಲೆ ಹರಡಿದಳು.

"ನೋಡಿ ಅಬ್ಬಾ, ಒಂದೂ ಕಲೆ ಇಲ್ಲ!"

ಅವನು ಶಾಲನ್ನು ಕಿಟಕಿಯ ಬೆಳಕಿಗೆ ಹಿಡಿದ. ಅರ್ಧದವರೆಗೆ ಹೂ. ಆಮೇಲೆ ಬರೀ ಬಿಳಿ.

"ಪೂರಾ ತೊಳೆದ್ಯಾ?"

"ಹೂಂ, ಅಂಟುವಾಳ ಹಾಕಿ…" ಅಷ್ಟರಲ್ಲಿ ಅವಳಿಗೂ ಆ ಬಿಳಿ ಕಂಡಿತು. ಹೊಲಿಗೆ ಪೂರ್ತಿ ಮುಗಿದ ಮೇಲೆಯೇ ಶಾಲಿಗೆ ನೀರು, ಅಚ್ಚಿನ ಗೆರೆ ಹೋಗಲೆಂದೇ ಆ ತೊಳೆತ. ಅದು ತಿಳಿಯದ ಮಗು ಆ ಕೇರಿಯಲ್ಲಿಲ್ಲ.

"ಬೈದುಬಿಡಿ ಅಬ್ಬಾ."

"ಏನಂತ ಬೈಲಿ? ಶುಚಿ ಜಾಸ್ತಿ ಆಯ್ತು ಅಂತಲಾ?"

ಮತ್ತೆ ಅಚ್ಚು ಒತ್ತಿಸೋಣವೆಂದರೆ, ಸಮದ್ ಕಾಕ ನೆರೆಗೂ ಮುಂಚೆ, ಆ ವರ್ಷದ ವಸಂತದಲ್ಲೇ ತೀರಿಕೊಂಡಿದ್ದ. ಅವನ ಅಚ್ಚುಗಳನ್ನು ನೆರೆ ಕೊಂಡೊಯ್ದಿತ್ತು. ಬೇರೆ ಅಚ್ಚುಗಾರರಿದ್ದರು, ಆದರೆ ಆ ಎಸಳಿನ ಬಾಗು ಅವರಲ್ಲಿರಲಿಲ್ಲ.

"ನಲವತ್ತು ವರ್ಷ ಕಣ್ಣು ದುಡೀತು. ಇನ್ನು ಕೈ ದುಡೀಲಿ ಬಿಡು," ಎಂದ ಅಖ್ತರ್. ತಾಹಿರಾ ಸೂಜಿಗೆ ದಾರ ಪೋಣಿಸಿ ಕೊಟ್ಟಳು, ಬಣ್ಣದ ಹೆಸರು ಹೇಳಿದಳು. ಅವನು ನೆನಪಿನಿಂದಲೇ ಹೊಲಿದ. ಹತ್ತು ದಿನ ಹಿಡಿದು ಒಂದೇ ಒಂದು ಹೂ. ಎಸಳುಗಳು ದಾರಿ ತಪ್ಪಿದ ಕುರಿಗಳ ಹಾಗೆ ಚದುರಿದ್ದವು.

"ಹೇಗಿದೆ?"

"ಚೆನ್ನಾಗಿದೆ ಅಬ್ಬಾ."

ಅವನು ಶಾಲು ಮಗುಚಿ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದ. "ಬೆನ್ನು ಬೇರೇನೇ ಹೇಳ್ತಿದೆಯಲ್ಲೇ. ನಿಂಗೆ ತೊಳೆಯೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ." ನಕ್ಕ. ಆಮೇಲೆ ಒಂದು ಮಧ್ಯಾಹ್ನವಿಡೀ ಕೂತು ಆ ಹೂವನ್ನು ತಾನೇ ಬಿಚ್ಚಿದ. ಮತ್ತೆ ಸೂಜಿ ಮುಟ್ಟಲಿಲ್ಲ. ಕಾಶ್ಮೀರದ ನಲವತ್ತು ದಿನದ ದೊಡ್ಡ ಚಳಿ ಮುಗಿಯುವ ಮುಂಚೆಯೇ ಹೋಗಿಬಿಟ್ಟ.

ಮರುವರ್ಷ ಮದುವೆ ಹತ್ತಿರ ಬಂದಾಗ ಚಿಕ್ಕಪ್ಪ ಹೇಳಿದ: "ಮಷೀನಿಗೆ ಕೊಡೋಣಮ್ಮ. ಎರಡು ದಿನದಲ್ಲಿ ತುಂಬಿಸಿ ಕೊಡ್ತಾರೆ."

"ಅಬ್ಬಾ ಬಿಚ್ಚಿದ ಜಾಗದ ಮೇಲೆ ಮಷೀನ್ ಓಡಿಸ್ತೀರಾ ಚಿಕ್ಕಪ್ಪ?"

ಅವನು ಶಾಲನ್ನು ಮಡಚಿ ಅವಳ ಕೈಗೇ ಕೊಟ್ಟ.

ಅರ್ಧ ಹೂವಿನ ಶಾಲು ಹೊದ್ದೇ ಅವಳು ಗಂಡನ ಮನೆ ಹೊಕ್ಕಳು. "ಏನೇ, ನಿಮ್ಮ ಕಡೆ ದಾರ ಮುಗೀತಾ?" ಎಂದಳು ಓರಗಿತ್ತಿ. "ಅರ್ಧ ವಸಂತ, ಅರ್ಧ ಹಿಮ ಹೊದ್ಕೊಂಡು ಬಂದಿದ್ದಾಳೆ," ಎಂದಳು ಅತ್ತೆಯ ತಂಗಿ. ನಗೆಯೋ ನಗೆ. ಒಬ್ಬಳು ಯಾವ ಅಂಗಡಿಯದು ಎಂದು ಕೇಳಿದಳು. ಇನ್ನೊಬ್ಬಳು ಅಸಲಿ ಪಶ್ಮೀನಾ ಹೌದೋ ಎಂದು ಉಜ್ಜಿ ನೋಡಿದಳು. ಯಾರ ಕೈ ಇದು ಎಂದು ಒಬ್ಬರೂ ಕೇಳಲಿಲ್ಲ. ಅಪ್ಪನ ಹೆಸರನ್ನು ದಿನವಿಡೀ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಕೂತಿದ್ದ ತಾಹಿರಾ, ಸಂಜೆ ಅದನ್ನು ನುಂಗಿಕೊಂಡಳು.

ಆ ಹೆಂಗಸರನ್ನು ಬಯ್ಯಬೇಡಿ, ನೀವೂ ಕೇಳಿದವರಲ್ಲ. ಮುಂದಿನ ಸಲ ಶಾಲು ಕೊಳ್ಳುವಾಗ ಹೊಲಿದವರ ಹೆಸರು ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಶಾಲು ಅಲ್ಲೇ ಇಟ್ಟು ಎದ್ದು ಬನ್ನಿ.