ಗುಡಿಸಿನ ಕೀಲಿ

ಇವತ್ತು ಬೆಳಿಗ್ಗೆ ರಿಪೇರಿ ಅಂಗಡಿಯ ಪೊಟ್ಟಣ ಬಿಚ್ಚಿದೆ. ಕೀಬೋರ್ಡಿನ ಕೀಲಿಗಳ ಅಡಿಯಿಂದ ಕಿತ್ತ ಹಳೆಯ ಸ್ವಿಚ್ಚುಗಳು, ಜೊತೆಗೆ ಚಿಟಿಕೆಯಷ್ಟು ಕೆಂಪು ಧೂಳು. ಆ ಧೂಳು ರಾಯಚೂರಿನ ನಮ್ಮ ಓಣಿಯದಲ್ಲ, ದೇವದುರ್ಗದ ಬಸ್‌ಸ್ಟ್ಯಾಂಡಿನದು. ಅಲ್ಲಿ ನನ್ನ ಅಕ್ಕ ಶ್ಯಾಮಕ್ಕನ ಟೈಪಿಂಗ್ ಅಂಗಡಿ ಇತ್ತು.

ಮಾನ್ವಿಯಲ್ಲಿ ಹುಟ್ಟಿದ ನಮ್ಮಿಬ್ಬರಲ್ಲಿ ಧೈರ್ಯವೆಲ್ಲ ಅವಳ ಪಾಲಿಗೆ, ಕಾಗುಣಿತವೆಲ್ಲ ನನ್ನ ಪಾಲಿಗೆ ಬಂದಿತ್ತು. ಅರಕೇರಾ ಕಡೆಯಿಂದ ಅರ್ಜಿ ಬರೆಸಲು ಬಂದವರ ಮಾತನ್ನು ಗಟ್ಟಿಯಾಗಿ ತಾನೂ ಹೇಳಿಕೊಂಡೇ ಟೈಪು ಮಾಡುವುದು ಅವಳ ರೂಢಿ. ಬಾಯಿ ಅಂದದ್ದನ್ನು ಬೆರಳು ಒತ್ತುತ್ತಿತ್ತು. ಮನೆ ಹೋಗಿ ಮನಿ, ಸಂತೆ ಹೋಗಿ ಸಂತಿ. ಎತ್ವದ ಜಾಗದಲ್ಲೆಲ್ಲ ಗುಡಿಸು. ನಾನು ತಪ್ಪು ತೋರಿಸಿದರೆ, "ಅವ್ರು ಮನಿ ಅಂದಾರ. ಮನೆ ಅಂತ ಬರದ್ರ ಅದು ಯಾರ ಮನಿ ಆಗ್ತದ?" ಅನ್ನುತ್ತಿದ್ದಳು.

ಬಸ್ಸು ತಿರುಗಿದಾಗಲೆಲ್ಲ ಧೂಳು ಒಳಗೆ. ಒಮ್ಮೆ ಯಾರೋ ಚಹಾ ಬೇರೆ ಚೆಲ್ಲಿದ್ದರು. ಧೂಳು, ನೀರು ಹೋಗದ ಸ್ವಿಚ್ಚುಗಳು ಸಿಗುತ್ತವಂತೆ, ಹಾಕಿಸು ಅಂದೆ. "ನಮ್ಮ ಹೊಟ್ಟಿಗೇ ದಿನಾ ಇಷ್ಟ ಹೋಗ್ತದ, ಇದಕ್ಕೇನು ಧಾಡಿ?" ಅಂದಳು. ಗುಡಿಸು ಎಂಬ ಕೀಲಿಯನ್ನು ವಾರಕ್ಕೊಮ್ಮೆ ಗುಡಿಸಿದರೆ ಸಾಕು ಎಂದು ನಾನು ಗೇಲಿ ಮಾಡಿದ್ದೆ. ಆಗ ಅದು ಬಹಳ ಜಾಣತನದ ಮಾತು ಅನ್ನಿಸಿತ್ತು.

ಹೋದ ವರ್ಷ ಅಕ್ಕ ತೀರಿಕೊಂಡಳು. ಕೀಬೋರ್ಡು ನನ್ನ ಮೇಜಿಗೆ ಬಂತು. ನಾನು ಒಂದು ಪ್ರೆಸ್ಸಿಗೆ ಲಗ್ನಪತ್ರಿಕೆ ಟೈಪು ಮಾಡಿಕೊಡುವವಳು. ಮೊದಲ ಪತ್ರಿಕೆಯಲ್ಲೇ 'ವರನ ಮನಿ' ಎಂದು ಬಂತು. ತಿದ್ದಿದೆ. ಮತ್ತೆ ಮನಿ. ಒತ್ತಿದ್ದು ಎತ್ವವೆಂದು ಆಣೆ ಮಾಡಿ ಹೇಳಬಲ್ಲೆ, ಪರದೆಯ ಮೇಲೆ ಗುಡಿಸು. ಮಟಮಟ ಮಧ್ಯಾಹ್ನ, ಓಣಿ ತುಂಬ ಜನ. ಆದರೂ ಹಿಂದೆ ತಿರುಗಿ ನೋಡಿದೆ. ನಗಬೇಡಿ, ನನಗೆ ಹೆದರಿಕೆಗಿಂತ ಆಸೆಯೇ ಹೆಚ್ಚಾಗಿತ್ತು. ಅಕ್ಕ ಪೂರ್ತಿ ಹೋಗಿಲ್ಲ ಅನ್ನಿಸಿತು. ಆದರೆ ಇನ್ನೊಂದು ತಪ್ಪು ಬಂದರೆ ಕೆಲಸ ಬೇರೆಯವರಿಗೆ ಎಂದು ಪ್ರೆಸ್ಸಿನವರು ಖಡಾಖಂಡಿತವಾಗಿ ಹೇಳಿದರು. ಕೆಲಸ ಉಳಿಸಿಕೊಳ್ಳಬೇಕೋ, ಅವಳನ್ನು ಉಳಿಸಿಕೊಳ್ಳಬೇಕೋ? ಒಂದು ತಿಂಗಳು ಮುಂದೂಡಿ, ಕೊನೆಗೆ ನಿನ್ನೆ ಕೀಬೋರ್ಡನ್ನು ರಿಪೇರಿಗೆ ಒಯ್ದೆ.

ಅಂಗಡಿಯವರು ಹಳೆಯ ಸ್ವಿಚ್ಚುಗಳನ್ನು ಕಿತ್ತು, ಬಾಯಿ ಮುಚ್ಚಿದ ಹೊಸವನ್ನು ಕೂರಿಸಿದರು.

"ಇನ್ನ ಧೂಳ ಹೋಗಂಗಿಲ್ಲ, ನೀರೂ ಹೋಗಂಗಿಲ್ಲ. ಒತ್ತಿ ನೋಡ್ರಿ ಅಕ್ಕಾರ."

ಒತ್ತಿದೆ. ಮನಿ.

"ಇನ್ನೂ ಕೆಟ್ಟೇ ಅದಲ್ರೀ" ಅಂದೆ.

ಅವರು ಇನ್ನೊಮ್ಮೆ ಒತ್ತಿಸಿ, ನನ್ನ ಕೈಯನ್ನೇ ನೋಡಿದರು. "ಕೀಲಿ ಚಲೋ ಅದರೀ. ಗುಡಿಸು ನೀವೇ ಒತ್ತಾಕತ್ತೀರಿ. ಬಾಯಿಲೆ ಏನಂತೀರಿ, ಅದನ್ನೇ ಒತ್ತಾಕತ್ತೀರಿ."

"ನಾ ಬಾಯೇ ತೆರದಿಲ್ಲಪ್ಪಾ."

"ಕುಂತಾಗಿಂದ ಅನ್ನಾಕತ್ತೀರಿ ಅಕ್ಕಾರ," ಅಂದರು ಅವರು, ಮೆಲ್ಲಗೆ. "ಗಟ್ಟಿಯಾಗೇ ಅನ್ನಾಕತ್ತೀರಿ."

ಟೈಪು ಮಾಡುವಾಗ ಮಾತಾಡುವ ರೂಢಿ ನನಗೆ ಯಾವತ್ತೂ ಇರಲಿಲ್ಲ. ಧೂಳು ನೀರಿಗೆ ಬಾಗಿಲು ಹಾಕಿದ ಸ್ವಿಚ್ಚು ಬೇಕೇ ಎಂದು ನೀವು ಕೇಳಿದರೆ, ಬೇಕು ಅನ್ನುತ್ತೇನೆ. ಒಳಗೆ ಹೋದದ್ದು ಧೂಳಲ್ಲ ಅನ್ನುವುದಾದರೂ ಅದರಿಂದ ಖಾತ್ರಿಯಾಗುತ್ತದೆ.

ಈಗ ತುಟಿ ಕಚ್ಚಿ ಹಿಡಿದು ಒಂದು ಲಗ್ನಪತ್ರಿಕೆ ಮುಗಿಸಿದೆ. ಒಂದೂ ತಪ್ಪಿಲ್ಲ, ಪ್ರೆಸ್ಸಿಗೆ ಕಳಿಸಿಯೂ ಆಯಿತು. ಕೋಣೆಯಲ್ಲಿ ತಡೆಯಲಾರದಷ್ಟು ಮೌನ. ಖಾಲಿ ಪುಟ ತೆರೆದು ಕೀಲಿಗಳ ಮೇಲೆ ಬೆರಳಿಟ್ಟಿದ್ದೇನೆ. ಬಾಯಿ ಬಿಟ್ಟರೆ ಯಾರ ದನಿ ಬರುತ್ತದೋ ಎಂದು ಹೆದರಿಕೆ. ನನ್ನದೇ ಬಂದುಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.